ಹೂಂ ಅನ್ನುವ ಗೋಡೆ

ನಮ್ಮೂರಿನಲ್ಲಿ ಹೂಂ ಬೀಳದ ಮಾತು ಮಾತೇ ಅಲ್ಲ. ಕಾಯಿಪಲ್ಲೆಯವಳು ಬದನೆಕಾಯಿಯ ದರ ಹೇಳಿದರೆ ಕೊಳ್ಳುವವರು ಹೂಂ ಅನ್ನಬೇಕು, ಆಮೇಲೆಯೇ ತಕ್ಕಡಿ ಮೇಲೇಳುವುದು. ಬೀಗರು ಹೆಣ್ಣು ಕೊಟ್ಟೆವು ಎಂದರೆ ಎದುರಿನವರು ಹೂಂ ಅನ್ನಬೇಕು. ಬಸ್ಸಿನ ಕಂಡಕ್ಟರು ನಿಲ್ದಾಣದ ಹೆಸರು ಕೂಗಿ, ಯಾರಾದರೂ ಹೂಂ ಅನ್ನುವ ತನಕ ಸೀಟಿ ಊದದೆ ನಿಂತಿರುತ್ತಾನೆ. ಎಲ್ಲರೂ ತೂಕಡಿಸುವ ಮಧ್ಯಾಹ್ನದ ಬಸ್ಸು ಒಂದೇ ಕಡೆ ಬಹಳ ಹೊತ್ತು ನಿಂತದ್ದುಂಟು. ಹೂಂ ಅನ್ನುವುದಕ್ಕೂ ಕಟ್ಟಳೆ ಇದೆ. ತನ್ನ ಮಾತಿಗೆ ತಾನೇ ಹೂಂ ಅಂದುಕೊಳ್ಳುವಂತಿಲ್ಲ. ಮಾತನ್ನು ಪೂರ್ತಿ ಕೇಳದೆ ಅನ್ನುವಂತಿಲ್ಲ. ಒಮ್ಮೆ ಅಂದಿರೋ, ಆ ಮಾತಿನ ಮಟ್ಟಿಗೆ ಹೇಳಿದವರು ದೊಡ್ಡವರು, ನೀವು ಕೇಳಿದವರು. ಹೀಗಾಗಿ ಗಂಡ ಹೆಂಡಿರ ಜಗಳ ನಮ್ಮಲ್ಲಿ ಉಂಡು ಮಲಗುವ ತನಕ ಎಂಬ ಮಾತು ನಡೆಯುವುದಿಲ್ಲ. ಇಬ್ಬರೂ ಹೇಳುತ್ತಲೇ ಇರುತ್ತಾರೆ, ಇಬ್ಬರೂ ಹೂಂ ಅನ್ನುವುದಿಲ್ಲ.

ನಮ್ಮ ವಿಶ್ವವಿದ್ಯಾಲಯದ ಗೋಡೆಯೂ ಊರಿನ ಹಾಗೆಯೇ. ಹಳೆಯ ಕಟ್ಟಡದ ದೊಡ್ಡ ಪಾಠದ ಕೋಣೆಯಲ್ಲಿ ಕರಿಹಲಗೆ ತೂಗುಹಾಕಿರುವ ಗೋಡೆ ಅದು. ದಿನಾ ಬಾಯಿ ಬಿಡುವ ಜಾತಿಯದಲ್ಲ. ಬೇಸಿಗೆ ರಜೆಗೆ ಮುಂಚೆ ಹಂಗಾಮಿ ಮಾಸ್ತರರು ಒಬ್ಬೊಬ್ಬರಾಗಿ ಅದರ ಮುಂದೆ ನಿಂತು ಒಂದು ಪಾಠ ಹೇಳಬೇಕು. ಪಾಠ ಒಪ್ಪಿತೋ, ಗೋಡೆ ಹೂಂ ಅನ್ನುತ್ತದೆ, ಊಟ ಮುಗಿಸಿ ಮಂಚಕ್ಕೆ ಒರಗಿದ ಅಜ್ಜ ಅನ್ನುವ ಹಾಗೆ, ತುಸು ಮೂಗಿನಿಂದ. ಅಂದಿತೆಂದರೆ ಆ ಮಾಸ್ತರರು ಅಂದಿನಿಂದ ಕಾಯಂ. ಆಮೇಲೆ ಅವರನ್ನು ಯಾರೂ ಅಲ್ಲಾಡಿಸುವಂತಿಲ್ಲ. ಅನ್ನದಿದ್ದರೆ ಮುಂದಿನ ವರ್ಷ ಮತ್ತೆ ಸರದಿ. ಗೋಡೆಗೆ ಈ ಕೆಲಸ ಕೊಟ್ಟವರು ಯಾರೆಂದು ಗೊತ್ತಿಲ್ಲ, ಕೇಳಿದವರೂ ಇಲ್ಲ. ಹಿಂದೊಮ್ಮೆ ಸಂಸ್ಕೃತದ ಮಾಸ್ತರರೊಬ್ಬರು ಪಾಠಕ್ಕೆ ಮೊದಲು ಗೋಡೆಗೆ ಜರಿಯಂಚಿನ ಶಾಲು ಹೊದಿಸಿ ನೋಡಿದರಂತೆ. ಗೋಡೆ ಶಾಲು ಇಟ್ಟುಕೊಂಡಿತು, ಹೂಂ ಮಾತ್ರ ಅನ್ನಲಿಲ್ಲ.

ಹೀಗಿರುವಾಗ ಮಾಸ್ತರರು ಪಾಠವನ್ನು ಯಾರಿಗೆ ಹೇಳುತ್ತಾರೆ? ಗೋಡೆಗೇ. ಮಕ್ಕಳಿಗೆ ಬೆನ್ನು, ಗೋಡೆಗೆ ಮುಖ. ಸರದಿಯ ದಿನಕ್ಕೆ ಮೊದಲೇ ಗೋಡೆಯ ಸಲಿಗೆ ಬೆಳೆಯಲಿ ಎಂದು ವರ್ಷವಿಡೀ ಹಾಗೆಯೇ ಹೇಳಿ ಹೇಳಿ, ಕಾಯಂ ಆದ ಮೇಲೂ ಕುತ್ತಿಗೆ ತಿರುಗದಂತಾಗಿತ್ತು. ನಮ್ಮ ಹುಡುಗರಿಗೆ ಮಾಸ್ತರರ ಪರಿಚಯ ಬೆನ್ನಿನಿಂದ. ಇತಿಹಾಸ ಎಂದರೆ ಕೋಟಿನ ಮೇಲೆ ಇಸ್ತ್ರಿಯ ಸುಟ್ಟ ಗುರುತು, ಗಣಿತ ಎಂದರೆ ಎಣ್ಣೆ ಹಚ್ಚಿದ ಜಡೆ, ರಸಾಯನಶಾಸ್ತ್ರ ಎಂದರೆ ಬೋಳುತಲೆಯ ಹಿಂಬದಿ. ಸಂತೆಯಲ್ಲಿ ನಾವು ಎದುರಾದರೆ ಹುಡುಗರು ಗುರುತಿಸದೆ ದಾಟಿ ಹೋಗುತ್ತಿದ್ದರು, ದಾಟಿದ ಮೇಲೆ ಹಿಂತಿರುಗಿ ನೋಡಿ, ‘ಅಯ್ಯ, ನಮಸ್ಕಾರ್ರೀ!’ ಎನ್ನುತ್ತಿದ್ದರು.

ನಾನು ಸುಗಲಾ, ಭೂಗೋಳ ಕಲಿಸುವವಳು. ಯಾವ ನಕಾಶೆಯಲ್ಲೂ ಇಲ್ಲದ ಊರಿನಲ್ಲಿ ಭೂಗೋಳ ಕಲಿಸುವ ಕಷ್ಟ ನಿಮಗೆ ಹೇಳಿ ತೀರದು. ನಾನು ಹಂಗಾಮಿ. ಹಂಗಾಮಿಗಳ ಹೆಸರನ್ನು ಕೋಣೆಯ ಬಾಗಿಲ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಾರೆ, ರಜೆ ಬಂತೆಂದರೆ ಒದ್ದೆಬಟ್ಟೆಯಿಂದ ಒರೆಸುತ್ತಾರೆ. ಜೂನಿನಲ್ಲಿ ಯಾರಿಗಾದರೂ ನೆನಪಾದರೆ ಮತ್ತೆ ಬರೆಯುತ್ತಾರೆ. ಕಾಯಂ ಆದವರಿಗೆ ಮಾತ್ರ ಬಣ್ಣದಲ್ಲಿ ಬರೆದ ಮರದ ಹಲಗೆ. ಇನ್ನೊಂದು ಪದ್ಧತಿಯೂ ಉಂಟು, ಹಂಗಾಮಿಗಳು ಕುರ್ಚಿಯನ್ನು ಮನೆಯಿಂದ ತರಬೇಕು. ಬೆಳಿಗ್ಗೆ ನಾನು ಮಡಚುವ ಕುರ್ಚಿ ಬಗಲಿಗಿಟ್ಟು ಹೊರಟರೆ ನಮ್ಮ ಅತ್ತೆ ನಿಂಬೆವ್ವ ಬಾಗಿಲಲ್ಲಿ ನಿಂತು ಮಂಗಳಾರತಿ ಎತ್ತುತ್ತಿದ್ದರು. ‘ನಡೀತ ನೋಡವ್ವಾ ನನ್ನ ಕುರ್ಚಿ ಯುನಿವರ್ಸಿಟಿಗೆ! ಡಿಗ್ರಿ ತಗೊಂಡ್ ಬರ್ತೈತೇನ ಸಂಜಿಗೆ?’

ಹೊರಗೆ ನಗುತ್ತಿದ್ದೆ, ಒಳಗೆ ಉರಿಯುತ್ತಿತ್ತು. ಆ ಒರೆಸುವ ಬಟ್ಟೆಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನನಗೆ ಬೇಕಾದದ್ದು ದೊಡ್ಡದೇನಲ್ಲ. ಯಾರೂ ಒರೆಸಲಾಗದ ಹೆಸರು ಬಾಗಿಲ ಮೇಲೊಂದು, ಜೂನಿನಲ್ಲಿ ನೆನಪಾದೇನೋ ಇಲ್ಲವೋ ಎಂಬ ದಿಗಿಲಿಲ್ಲದ ಒಂದು ಮೇ ತಿಂಗಳು.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ರಾಜಧಾನಿಯಿಂದ ಉಪಕಾರ್ಯದರ್ಶಿ ವಜ್ರಮಟ್ಟಿ ಎಂಬವರು ಬಂದಿಳಿದರು. ನಮ್ಮನ್ನೆಲ್ಲ ದೊಡ್ಡ ಕೋಣೆಯಲ್ಲಿ ಕೂಡಿಸಿ, ಗೋಡೆಯನ್ನು ಮೇಲಿಂದ ಕೆಳಕ್ಕೆ ನೋಡಿ ಮಾತು ತೆಗೆದರು.

‘ಸಂಬಳ ಕೊಡೋದು ಸರ್ಕಾರ. ಕಾಯಂ ಮಾಡೋದು ಗೋಡೆ. ಇದ್ಯಾವ ನ್ಯಾಯ? ಈ ಗೋಡೆಗೆ ಅಧಿಕಾರ ಕೊಟ್ಟವರ್ಯಾರು? ಇದರ ವಿದ್ಯಾರ್ಹತೆ ಏನು? ನಾಳೆ ಇದು ತಪ್ಪು ಮಾಡಿದರೆ ನಾನು ಯಾರಿಗೆ ನೋಟೀಸು ಕೊಡಬೇಕು?’

ಪ್ರಶ್ನೆಗಳೇನೋ ನ್ಯಾಯವಾದವೇ. ಆದರೆ ಯಾರೂ ಹೂಂ ಅನ್ನಲಿಲ್ಲ. ಅವರು ಇನ್ನೊಮ್ಮೆ ಕೇಳಿದರು. ಮೂರನೆಯ ಸಲಕ್ಕೆ ರಿಜಿಸ್ಟ್ರಾರರು ಎದ್ದು ಹೋಗಿ ಕಿವಿಯಲ್ಲಿ ಊರಿನ ಕಟ್ಟಳೆ ಉಸುರಿದರು. ಹೂಂ ಬೀಳದೆ ಇಲ್ಲಿ ಟೈಪು ಆಗುವುದಿಲ್ಲ, ಮೊಹರು ಬೀಳುವುದಿಲ್ಲ, ಅತಿಥಿಗೃಹದಲ್ಲಿ ಅನ್ನಕ್ಕೆ ಅಕ್ಕಿಯನ್ನೂ ತೊಳೆಯುವುದಿಲ್ಲ ಎಂದು. ಸಾಹೇಬರು ಅನ್ನದ ಮಾತಿಗೆ ಸ್ವಲ್ಪ ತಗ್ಗಿದರು. ಚೀಲದಿಂದ ಆದೇಶ ತೆಗೆದು ಓದಿದರು. ಇನ್ನು ಮುಂದೆ ಗೋಡೆಯ ಹೂಂ ಒಂದೇ ಸಾಲದು. ಪಾಠ ಕೇಳಿ ತೀರ್ಮಾನ ಮಾಡಲು ಮೂವರ ಸಮಿತಿ. ಸರ್ಕಾರದ ಪರವಾಗಿ ವಜ್ರಮಟ್ಟಿಯವರು, ಸಿಂಡಿಕೇಟಿನ ಪರವಾಗಿ ಗುರುಲಿಂಗಪ್ಪ ತುಪ್ಪದ, ಅಧ್ಯಾಪಕರ ಪರವಾಗಿ ವಿಭಾಗದ ಮುಖ್ಯಸ್ಥರು, ಅಂದರೆ ನಮ್ಮ ಪ್ರೊಫೆಸರ್ ಬೆಣಚಿನಮರಡಿಯವರು. ಸಮಿತಿಯ ಮಾತು ಗೋಡೆಯ ಮಾತಿಗಿಂತ ಮೇಲು. ಸಮಿತಿ ಒಪ್ಪದ ಹಂಗಾಮಿಯನ್ನು ಜೂನಿನಲ್ಲಿ ಮತ್ತೆ ಕರೆಯತಕ್ಕದ್ದಲ್ಲ.

ತಮ್ಮ ಹೆಸರು ಕೇಳಿದ್ದೇ ತಡ, ತುಪ್ಪದವರೂ ಪ್ರೊಫೆಸರರೂ ಒಂದೇ ಉಸಿರಿಗೆ ಹೂಂ ಎಂದುಬಿಟ್ಟರು. ಆದೇಶ ಜಾರಿಯಾಯಿತು. ಅದರಲ್ಲಿ ಮೂವರ ಪೈಕಿ ಅಧ್ಯಕ್ಷರು ಯಾರು ಎಂಬುದೊಂದನ್ನು ಬರೆದಿರಲಿಲ್ಲ. ಅವಸರದಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ, ನನ್ನ ಕಣ್ಣಿಗಂತೂ ಆಗ ಏನೂ ಬೀಳುವ ಸ್ಥಿತಿ ಇರಲಿಲ್ಲ. ಯಾಕೆಂದರೆ ಆ ವರ್ಷ ಗೋಡೆಯ ಮುಂದೆ ನಿಲ್ಲುವ ಸರದಿ ನನ್ನೊಬ್ಬಳದೇ. ಪಾಠದ ವಿಷಯ ಕಳ್ಳಹಳ್ಳ ಎಂದು ಮೊದಲೇ ಹೇಳಿ, ರಿಜಿಸ್ಟ್ರಾರರಿಂದ ಹೂಂ ಅನ್ನಿಸಿಕೊಂಡೂ ಆಗಿತ್ತು. ಬದಲಿಸುವಂತಿರಲಿಲ್ಲ.

ಕಳ್ಳಹಳ್ಳ ಎಂದರೆ ವಿಶ್ವವಿದ್ಯಾಲಯದ ಹಿಂದೆ ಹರಿಯುವ ತೊರೆ. ಪಶ್ಚಿಮದ ದಿಬ್ಬದಿಂದ ಇಳಿದು, ಹುಣಸೆಮರಗಳ ನಡುವೆ ನುಸುಳಿ, ಒಂದು ಹಾಸುಬಂಡೆಯ ಕೆಳಗೆ ತೂರಿಕೊಂಡು ಕಾಣೆಯಾಗುತ್ತದೆ. ನಾನು ಮಕ್ಕಳನ್ನು ಕರೆದುಕೊಂಡು ಅದರ ಗುಂಟ ನಡೆದಿದ್ದೆ. ಬಣ್ಣಗಾರರ ಓಣಿಯ ಫಕ್ಕೀರವ್ವ ಎಂಬ ಹುಡುಗಿ ನೀರಿಗೆ ಕಾಲಿಟ್ಟಾಗ ಅವಳ ಎಡಗಾಲಿನ ಚಪ್ಪಲಿ ತೇಲಿ ಬಂಡೆಯ ಕೆಳಗೆ ಹೋಯಿತು. ‘ನಂದು ಹೋತ್ರೀ ಮೇಡಂ, ಹಳ್ಳದ ಹೆಸರಿಗೆ ತಕ್ಕಂಗ ಐತ್ರೀ ಇದು’ ಎಂದು ಅವಳು ಒಂಟಿಕಾಲಲ್ಲಿ ಕುಣಿದಿದ್ದಳು. ಇಂಥ ಬಡಪಾಯಿ ಹಳ್ಳದ ಬಗ್ಗೆ ಯಾರಿಗೇನು ತಕರಾರು ಇದ್ದೀತು ಎಂದುಕೊಂಡಿದ್ದೆ. ಸಮಿತಿಯಾದ ಮರುದಿನದಿಂದ ತಿಳಿಯಿತು.

ಮೊದಲು ಬಂದವರು ಪ್ರೊಫೆಸರರು. ನನಗೆ ಪಾಠ ಕಲಿಸಿದ ಗುರುಗಳು. ನನ್ನ ಕೋಣೆಗೆ ಬಂದು ಅಭ್ಯಾಸಬಲದಿಂದ ಗೋಡೆಗೆ ಮುಖ ಮಾಡಿ ನಿಂತು ಮಾತಾಡಿದರು. ‘ಸುಗಲಾ, ಒಬ್ಬ ಮಾಸ್ತರನ ಯೋಗ್ಯತಾ ಇನ್ನೊಬ್ಬ ಮಾಸ್ತರಗ ಗೊತ್ತು. ಸರ್ಕಾರಕ್ಕೇನ್ ತಿಳೀತೈತಿ, ಎಣ್ಣಿ ವ್ಯಾಪಾರದವಗೇನ್ ತಿಳೀತೈತಿ? ಕಳ್ಳಹಳ್ಳ ಹಿಂದಕ ಉತ್ತರಕ್ಕ ಹರೀತಿತ್ತು, ಈಗ ಬತ್ತೇತಿ ಅಂತ ನನ್ನ ಪುಸ್ತಕದಾಗೈತಿ. ಅಷ್ಟು ಹೇಳು, ಸಾಕು.’

‘ಸರ್, ಹಳ್ಳದಾಗ ನೀರೈತ್ರೀ. ಮೊನ್ನೆ ನಾನ ಕಾಲಿಟ್ಟು ಬಂದೇನಿ.’

‘ಅದು ನೀರಲ್ಲವ್ವಾ, ಅಪವಾದ’ ಎಂದು ಹೇಳಿ ಹೋದರು.

ಎರಡನೆಯವರು ತುಪ್ಪದವರು. ಹೆಸರು ತುಪ್ಪದ, ಇರುವುದು ಶೇಂಗಾ ಎಣ್ಣೆಯ ಗಿರಣಿ. ಮನುಷ್ಯ ಕೆಟ್ಟವನಲ್ಲ, ಬರುವಾಗ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ತಂದಿದ್ದರು. ‘ತಂಗೀ, ಈ ಯುನಿವರ್ಸಿಟಿ ಕಟ್ಟಿದ್ದು ಯಾರು? ಊರ ಮಂದಿ. ಕಲ್ಲು ನಮ್ಮವು, ಹುಡುಗ್ರು ನಮ್ಮವು. ಅಂದಮ್ಯಾಲ ಮಾಸ್ತರ್ ಯಾರಿರಬೇಕು ಅನ್ನೂದೂ ನಾವ ಹೇಳಬೇಕಲ್ಲ? ಈಗ ನೋಡು, ಆ ಹುಣಸಿಮರದ ಕಡೆ ನಾ ಇನ್ನೊಂದು ಗಿರಣಿ ಹಾಕಾವಿದ್ದೇನಿ. ಹಳ್ಳ ಅಂದ್ರ ಪರವಾನಗಿ ಸಿಗಂಗಿಲ್ಲ. ಅಲ್ಲಿ ಹಳ್ಳ ಇಲ್ಲ, ಮಳಿಗಾಲದಾಗ ನಾಕು ಹನಿ ನೀರು ನಿಂದರತೈತಿ ಅಂತ ಅಂದುಬಿಡು. ನಿನ್ನ ಹಲಗಿಗೆ ಬಣ್ಣ ನಾನ ಕೊಡಸ್ತೇನಿ.’

ವಜ್ರಮಟ್ಟಿಯವರು ಬರಲಿಲ್ಲ, ನನ್ನನ್ನೇ ಅತಿಥಿಗೃಹಕ್ಕೆ ಕರೆಸಿದರು. ‘ನೋಡಿ ಮೇಡಂ, ಜನರ ತೆರಿಗೆ ಹಣ ಖರ್ಚಾಗತ್ತೆ ಅಂದಮೇಲೆ ಅದಕ್ಕೆ ಉತ್ತರ ಕೊಡಬೇಕಾದವರು ನಾವು. ಮಾಸ್ತರು ಮಾಸ್ತರನ್ನೇ ಆರಿಸಿಕೊಂಡರೆ ಅದು ಬೀಗರೂಟ ಆಗತ್ತೆ. ಸರ್ಕಾರದ ದಾಖಲೆ ಪ್ರಕಾರ ಈ ಹಳ್ಳ ಪೂರ್ವಕ್ಕೆ ಹರಿಯತ್ತೆ. ಅಲ್ಲಿ ಸೇತುವೆಯನ್ನೂ ಕಟ್ಟಿಸಿದ್ದೀವಿ. ನೀವು ದಾಖಲೆಗೆ ವಿರುದ್ಧವಾಗಿ ಹೇಳಲ್ಲ ಅಂದ್ಕೊಂಡಿದ್ದೀನಿ.’ ಆ ಸೇತುವೆ ನಾನು ನೋಡಿದ್ದೆ. ಒಣ ಬಯಲಿನಲ್ಲಿ ನಿಂತಿದೆ, ಅದರ ಕೆಳಗೆ ಹುಡುಗರು ಗೋಲಿ ಆಡುತ್ತಾರೆ.

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಯಿತು ನನ್ನ ಗತಿ. ಎಳೆಯಲು ಇಲ್ಲಿ ಮೂರನೆಯದೂ ಒಂದಿತ್ತು. ಒಬ್ಬರನ್ನು ಮೆಚ್ಚಿಸಿದರೆ ಇಬ್ಬರು ಕೈಬಿಡುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಮೂವರೂ. ಮನೆಗೆ ಬಂದು ಅತ್ತೆಯ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಅವರು ಅವರೆಕಾಳು ಬಿಡಿಸುತ್ತ ಕೇಳಿಸಿಕೊಂಡರು.

‘ಮೂರೂ ಮಂದಿ ಹೇಳೂದ್ರಾಗ ಒಂದೊಂದು ಖರೆ ಐತಿ ಬಿಡು’ ಎಂದರು. ‘ಮೂರೂ ಮಂದಿ ಕೇಳೂದ್ರಾಗ ಮಾತ್ರ ಒಂದೂ ಖರೆ ಇಲ್ಲ.’

ನನಗೆ ಆಗ ಖರೆಯ ಉಸಾಬರಿ ಬೇಕಿರಲಿಲ್ಲ, ನೌಕರಿ ಬೇಕಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಕೂತು ತಿದ್ದಿ ತಿದ್ದಿ ಒಂದು ವಾಕ್ಯ ಕಟ್ಟಿದೆ. ‘ಕಳ್ಳಹಳ್ಳವು ಹಿಂದೆ ಉತ್ತರಕ್ಕೆ ಹರಿಯುತ್ತಿದ್ದು, ಮುಂದೆ ಪೂರ್ವಕ್ಕೆ ಹರಿಯಲಿದ್ದು, ಸದ್ಯಕ್ಕೆ ಇರುವುದಿಲ್ಲ.’ ಹೆಮ್ಮೆಯಿಂದ ಅತ್ತೆಗೆ ಹೇಳಿ ತೋರಿಸಿದೆ. ನಮ್ಮ ಅತ್ತೆ ನಿದ್ದೆಯಲ್ಲಿ ಬೆಕ್ಕು ಕೂಗಿದರೂ ಹೂಂ ಅನ್ನುವವರು. ಅವತ್ತು ಪೂರ್ತಿ ಎಚ್ಚರವಿದ್ದು, ನನ್ನ ಮುಖ ನೋಡಿ, ಅವರೆಕಾಳಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಪಾಠದ ದಿನ ದೊಡ್ಡ ಕೋಣೆ ತುಂಬಿತ್ತು. ಮಕ್ಕಳು ಬೆಂಚಿನ ಮೇಲೆ, ಊರಿನವರು ಕಿಟಕಿಯಲ್ಲಿ. ನಮ್ಮ ಅತ್ತೆಯೂ ಬಂದಿದ್ದರು, ತಮ್ಮ ಕುರ್ಚಿಯ ಮೇಲೆ ತಾವೇ ಕೂತಿದ್ದರು. ಸಮಿತಿಯ ಮೂವರೂ ಮುಂದಿನ ಸಾಲಿನಲ್ಲಿ, ನಡುವಿನ ಆಸನ ಯಾರದೆಂದು ಬಗೆಹರಿಯದೆ, ಅದನ್ನು ಖಾಲಿ ಬಿಟ್ಟು ಆಚೆ ಈಚೆ ಕೂತಿದ್ದರು. ನಾನು ಗೋಡೆಗೆ ಮುಖ ಮಾಡಿ ನಿಂತೆ. ಸೀಮೆಸುಣ್ಣ ಕೈಬೆವರಿಗೆ ಒದ್ದೆಯಾಗಿತ್ತು. ನನ್ನ ವಾಕ್ಯ ಹೇಳಿದೆ.

ಹಿಂದಿನಿಂದ ಮೂರು ಕಡೆಯಿಂದ ಸಮಾಧಾನದ ಉಸಿರು ಕೇಳಿಸಿತು. ಗೋಡೆ ಮಾತ್ರ ಗೋಡೆಯ ಹಾಗೆಯೇ ಇತ್ತು. ಇನ್ನೊಮ್ಮೆ ಹೇಳಿದೆ. ಸುಣ್ಣದ ಒಂದು ಹಕ್ಕಳೆ ಉದುರಿತು, ಅಷ್ಟೇ. ಮೂರನೆಯ ಸಲ ಬಾಯಿ ತೆರೆಯಬೇಕು, ಬೆನ್ನ ಹಿಂದೆ ಒಂದು ಧ್ವನಿ ಎದ್ದಿತು.

‘ಮೇಡಂ, ಹಳ್ಳ ಇಲ್ಲಂದ್ರ ಮತ್ತ ನನ್ನ ಚಪ್ಪಲಿ ಎದರಾಗ ತೇಲಿ ಹೋತ್ರೀ?’

ನಾನು ತಿರುಗಿದೆ. ಬೇಕೆಂದು ತಿರುಗಿದ್ದಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲವೇ, ಹಾಗೆ ತಿರುಗಿದೆ. ಆ ಕೋಣೆಯಲ್ಲಿ ಮಾಸ್ತರೊಬ್ಬರು ತಿರುಗಿ ನಿಂತದ್ದು ಅದೇ ಮೊದಲು. ಹಿಂದಿನ ಬೆಂಚಿನ ಹುಡುಗನೊಬ್ಬ ಪಕ್ಕದವನಿಗೆ, ‘ಮೇಡಂಗ ಕಣ್ಣಿಗೆ ಚಾಳೀಸು ಐತಲೇ’ ಎಂದದ್ದು ಕೇಳಿಸಿತು. ವರ್ಷಗಟ್ಟಲೆ ನಾನು ಕಲಿಸಿದ ಮಕ್ಕಳ ಮುಖಗಳನ್ನು ಪಾಠದ ನಡುವೆ ಹಿಂದೆಂದೂ ನೋಡಿರಲಿಲ್ಲ. ಒಬ್ಬಳು ಆಕಳಿಕೆ ಅರ್ಧಕ್ಕೆ ತಡೆದಿದ್ದಳು, ಒಬ್ಬ ಹುಬ್ಬು ಗಂಟಿಕ್ಕಿ ಕೂತಿದ್ದ. ಫಕ್ಕೀರವ್ವ ನಿಂತಿದ್ದಳು, ಬಲಗಾಲಲ್ಲಿ ಚಪ್ಪಲಿ, ಎಡಗಾಲು ಬರಿಗಾಲು. ಒಂದೇ ಆದರೂ ಹಾಕಿಕೊಂಡು ಬರುತ್ತಿದ್ದಳು, ಹುಡುಗಿ. ಅವಳಿಗೆ ಉತ್ತರ ಬೇಕಾಗಿತ್ತು. ನನ್ನಿಂದ ಏನೋ ಬೇಕಾದವರನ್ನು ಆ ವಾರದಲ್ಲಿ ಬಹಳ ಮಂದಿ ನೋಡಿದ್ದೆ. ಉತ್ತರವೇ ಬೇಕಾದವಳು ಇವಳೊಬ್ಬಳು. ನನಗೆ ನಾಚಿಕೆಯಾಯಿತು, ಹಿಂದೆಯೇ ಧೈರ್ಯವೂ ಬಂತು.

‘ಕುಂಡ್ರು, ಹೇಳ್ತೇನಿ’ ಎಂದೆ. ‘ಹಳ್ಳ ಐತಿ. ಪಶ್ಚಿಮದ ದಿಬ್ಬದಿಂದ ಬರ್ತೈತಿ. ಅಲ್ಲಿ ಮಣ್ಣು ಕೆಂಪು, ಅದಕ್ಕ ಮೊದಲ ಮಳೀಗೆ ನೀರೂ ಕೆಂಪು, ನೀವ ನೋಡೀರಿ. ಪೂರ್ವಕ್ಕ ಹರಿಯಂಗಿಲ್ಲ, ಆ ಕಡೆ ನೆಲ ಏರು. ಉತ್ತರಕ್ಕ ಹಿಂದಕ ಹರಿದಿತ್ತೋ ಏನೋ, ಅದರ ಗುರುತು ಒಂದೂ ನನಗ ಸಿಕ್ಕಿಲ್ಲ. ಹಾಸುಬಂಡಿ ಕೆಳಗ ಹೋಗ್ತೈತಿ. ಅಲ್ಲಿಂದ ಮುಂದ ಯಾರೂ ನೋಡಿಲ್ಲ, ನಾನೂ ನೋಡಿಲ್ಲ. ಅಲ್ಲೇ ನೆಲದಾಗ ಇಂಗತೈತಿ ಅಂತ ನನ್ನ ಅಂದಾಜು. ನಿನ್ನ ಚಪ್ಪಲಿ ಇನ್ನ ಬರಂಗಿಲ್ಲ ಫಕ್ಕೀರವ್ವಾ. ಹೊಸಾವು ತಗೋ.’

ಮಕ್ಕಳು ಗೊಳ್ಳೆಂದು ನಕ್ಕರು. ಆ ನಗೆ ಇಳಿಯುತ್ತಿದ್ದಾಗ ನನ್ನ ಬೆನ್ನ ಹಿಂದೆ, ಕಿವಿಗೆ ಬಹಳ ಹತ್ತಿರದಲ್ಲಿ, ತುಸು ಮೂಗಿನಿಂದ ಕೇಳಿಬಂತು.

‘ಹೂಂ.’

ಕಿಟಕಿಯಲ್ಲಿದ್ದವರು ಕೂಗಿದರು. ಅತ್ತೆ ಕುರ್ಚಿಯಿಂದ ಎದ್ದರು. ನನ್ನ ಕಣ್ಣು ತುಂಬಿ ಏನೂ ಕಾಣದಂತಾಯಿತು. ಅಷ್ಟರಲ್ಲಿ ವಜ್ರಮಟ್ಟಿಯವರು ಮೇಜು ಕುಟ್ಟಿ ನಿಂತಿದ್ದರು. ಗೋಡೆಯ ಹೂಂ ಒಂದೇ ಸಾಲದು, ಸಮಿತಿ ಮಾತಾಡಬೇಕು ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರುವುದು ಇನ್ನೂ ಬಾಕಿ ಇತ್ತು.

ಸಮಿತಿಯ ಮೂವರೂ ಮೂಲೆಗೆ ಹೋಗಿ ತಲೆಗೆ ತಲೆ ಕೂಡಿಸಿದರು. ಎಂದೂ ಒಂದಾಗದವರು ಅವತ್ತು ಕ್ಷಣದಲ್ಲಿ ಒಂದಾದರು. ದಾಖಲೆಗೆ ವಿರುದ್ಧ, ಗಿರಣಿಗೆ ವಿರುದ್ಧ, ಪುಸ್ತಕಕ್ಕೆ ವಿರುದ್ಧ. ಅಲ್ಲದೆ ಗೋಡೆಗೆ ಬೆನ್ನು ಮಾಡಿ ನಿಂತಿದ್ದಾಳೆ. ವಜ್ರಮಟ್ಟಿಯವರು ಗೋಡೆಯ ಮುಂದೆ ಬಂದು ತೀರ್ಮಾನ ಓದಿದರು. ‘ಭೂಗೋಳ ವಿಭಾಗದ ಹಂಗಾಮಿ ಉಪನ್ಯಾಸಕಿ ಸುಗಲಾ ಅವರ ಪಾಠವನ್ನು ಈ ಸಮಿತಿ ತಿರಸ್ಕರಿಸಿದೆ.’ ಓದಿ ನಿಂತರು, ಹೂಂ ಬೀಳಲಿ ಎಂದು.

ಬೀಳಲಿಲ್ಲ. ಗೋಡೆ ಸುಮ್ಮನಿತ್ತು. ಮಕ್ಕಳು ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. ಕಿಟಕಿಯಲ್ಲಿದ್ದವರು ಆಕಾಶ ನೋಡಿದರು. ಬಾಯಿತಪ್ಪಿ ಹೂಂ ಅನ್ನುವ ಚಾಳಿಯ ನಮ್ಮ ಅತ್ತೆಯಂತೂ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಿದ್ದರು.

ವಜ್ರಮಟ್ಟಿಯವರು ಜೊತೆಗಾರರ ಕಡೆ ನೋಡಿದರು. ‘ಏನ್ರೀ, ನೀವೇ ಒಪ್ಪಿದ ಮಾತು. ಹೂಂ ಅನ್ನಿ.’

ಪ್ರೊಫೆಸರರು ಬಾಯಿ ತೆರೆದರು, ತೆರೆದದ್ದನ್ನು ಹಾಗೆಯೇ ಮುಚ್ಚಿದರು. ಇವರ ಮಾತಿಗೆ ಹೂಂ ಅಂದೆನೆಂದರೆ, ಮಾಸ್ತರರ ವಿಷಯದಲ್ಲಿ ಸರ್ಕಾರ ಹೇಳುವವ, ಮಾಸ್ತರ ಕೇಳುವವ ಎಂದು ಊರಿಗೆ ಊರೇ ಸಾಕ್ಷಿಯಾಗಿ ಒಪ್ಪಿದಂತೆ. ‘ಮಾತು ಬರೋಬ್ಬರಿ ಐತ್ರೀ’ ಎಂದರು. ‘ಆದರ ಅದನ್ನ ಓದಬೇಕಾದವ ನಾನು. ಕೊಡ್ರಿ ಇತ್ತ.’ ತಾವೇ ನಿಂತು ಅದೇ ವಾಕ್ಯವನ್ನು ಓದಿದರು, ಹೆಚ್ಚು ಇಂಪಾಗಿ. ವಜ್ರಮಟ್ಟಿಯವರು ಕೈಕಟ್ಟಿ ಛಾವಣಿ ನೋಡಿದರು. ತುಪ್ಪದವರು ಕೆಮ್ಮಿದರು. ಕೆಮ್ಮು ಹೂಂ ಅಲ್ಲ ಎಂದು ಮಕ್ಕಳು ಒಕ್ಕೊರಲಿನಿಂದ ಕೂಗಿದರು.

‘ಇಬ್ಬರೂ ಅತ್ತ ಸರೀರಿ’ ಎಂದು ತುಪ್ಪದವರು ಎದ್ದರು. ‘ಊರಿನ ಮಾತು ಊರವ ಓದಿದರ ಶೋಭಾ.’ ಅವರೂ ಓದಿದರು. ಅವರಿಗೂ ಉಳಿದಿಬ್ಬರು ಹೂಂ ಅನ್ನಲಿಲ್ಲ. ಮತ್ತೆ ವಜ್ರಮಟ್ಟಿ, ಮತ್ತೆ ಪ್ರೊಫೆಸರರು, ಮತ್ತೆ ತುಪ್ಪದ. ನನ್ನನ್ನು ತೆಗೆಯಬೇಕು ಎಂಬುದರಲ್ಲಿ ಮೂವರಿಗೂ ಭಿನ್ನಾಭಿಪ್ರಾಯವಿಲ್ಲ. ತೆಗೆಯುವ ಬಾಯಿ ಯಾರದಾಗಬೇಕು ಎಂಬುದರಲ್ಲಿ ಒಬ್ಬರೂ ತಗ್ಗಲೊಲ್ಲರು. ಆದೇಶ ತಂದು ಅಧ್ಯಕ್ಷರು ಯಾರೆಂದು ಹುಡುಕಿದರು. ಹಾಳೆಯ ಹಿಂದೆ ಮುಂದೆ ನೋಡಿದರು. ಮಧ್ಯಾಹ್ನದ ಊಟದ ಹೊತ್ತು ಮೀರಿ, ಕಿಟಕಿಯ ಜನ ಕರಗಿ, ಕೊನೆಗೆ ಮಕ್ಕಳು ಸಾಲಾಗಿ ಹೊರಗೆ ಹೋದರು. ನಾನೂ ಹೋದೆ. ಕುರ್ಚಿ ಮಡಚುತ್ತ ಅತ್ತೆ ಸೆರಗು ಬಾಯಿಂದ ತೆಗೆದು ನಿಟ್ಟುಸಿರು ಬಿಟ್ಟರು. ‘ಸಾಯ್ತಿದ್ನೆವ್ವಾ. ಇನ್ನೊಮ್ಮೆ ಓದಿದ್ದರ ಅಂದ ಬಿಡ್ತಿದ್ದೆ.’

ಪಾಠಕ್ಕೆ ಹೂಂ ಬಿದ್ದಿತ್ತು, ತಿರಸ್ಕಾರಕ್ಕೆ ಬಿದ್ದಿರಲಿಲ್ಲ. ನಮ್ಮೂರಲ್ಲಿ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇರೆ ಇಲ್ಲ. ಮರುದಿನ ಬೆಳಿಗ್ಗೆ ಹಲಗೆ ಬರೆಯುವ ಪೇಂಟರ್ ಬಾಬಾಸಾಬ ತಾನಾಗಿಯೇ ಬಂದು ನನ್ನ ಬಾಗಿಲ ಮುಂದೆ ಕೂತು, ಹಳದಿ ಬಣ್ಣದಲ್ಲಿ ಹೆಸರು ಬರೆದ. ಒಣಗುವ ತನಕ ನಾನು ಅಲ್ಲೇ ನಿಂತಿದ್ದೆ. ಒಣಗಿದ ಮೇಲೆ ಬೆರಳು ಒದ್ದೆ ಮಾಡಿ ಒಂದು ಅಕ್ಷರವನ್ನು ಉಜ್ಜಿ ನೋಡಿದೆ. ಹೋಗಲಿಲ್ಲ. ಯಾರೂ ನೋಡುತ್ತಿಲ್ಲವೆಂದು ಇನ್ನೊಮ್ಮೆ ಉಜ್ಜಿದೆ.

ಸಮಿತಿ ಇನ್ನೂ ಇದೆ. ಪ್ರತಿ ಗುರುವಾರ ಮೂವರೂ ದೊಡ್ಡ ಕೋಣೆಯಲ್ಲಿ ಸೇರಿ, ಸರದಿಯ ಪ್ರಕಾರ ಆ ತೀರ್ಮಾನವನ್ನು ಒಬ್ಬರಿಗೊಬ್ಬರು ಓದುತ್ತಾರೆ. ವಜ್ರಮಟ್ಟಿಯವರು ಇದಕ್ಕಾಗಿ ರಾಜಧಾನಿಯಿಂದ ಬರುತ್ತಾರೆ, ತುಪ್ಪದವರು ಶೇಂಗಾ ತರುತ್ತಾರೆ. ಸ್ನೇಹ ಬೆಳೆದಿದೆಯಂತೆ. ಹೂಂ ಮಾತ್ರ ಇಲ್ಲ.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಜೂನ್ ಬಂತು. ಎರಡು ದೊಡ್ಡ ಮಳೆ ಬಿದ್ದವು. ಒಂದು ಸಂಜೆ ಫಕ್ಕೀರವ್ವ ನಮ್ಮ ಮನೆಗೆ ಬಂದು ಬಾಗಿಲಲ್ಲಿ ನಿಂತಳು. ನಾನು ಮುಖ ನೋಡಿ ಬಾ ಎಂದೆ. ಅವಳು ಬರಲಿಲ್ಲ. ಕೆಳಗೆ ನೋಡ್ರಿ ಎಂದು ಕಣ್ಣಲ್ಲೇ ತೋರಿಸಿದಳು. ಅವಳ ಎರಡೂ ಕಾಲಲ್ಲಿ ಚಪ್ಪಲಿ ಇತ್ತು. ಎಡಗಾಲಿನದು ನೆನೆದು ಉಬ್ಬಿ, ಅರ್ಧ ಹಸಿರಾಗಿತ್ತು.

‘ದಕ್ಷಿಣದ ಕಡೆ ನಮ್ಮ ಚಿಗವ್ವನ ಮನಿ ಐತಲ್ರೀ, ಅಲ್ಲಿ ಬಾತುಕೋಳಿ ಹೊಂಡದ ದಂಡೀಗೆ ಸಿಕ್ತ್ರೀ. ಬಾತುಕೋಳಿ ಅದರ ಮ್ಯಾಲ ಕಾವಿಗೆ ಕುಂತಿತ್ತು. ಹೊಂಡದ ತಳದಾಗ ಒಂದ ಕಡೆ ನೀರು ಕುದ್ದಂಗ ಮ್ಯಾಲ ಬರ್ತೈತ್ರೀ, ಕೆಂಪನ ನೀರು.’ ತಡೆದು, ಮೆಲ್ಲಗೆ ಸೇರಿಸಿದಳು. ‘ಹಳ್ಳ ಇಂಗಂಗಿಲ್ರೀ ಮೇಡಂ. ನೀವ್ ಹೇಳಿದ್ದು ತಪ್ಪಾತು.’

ಹಳೆಯ ಅಭ್ಯಾಸ ಎಲ್ಲಿ ಹೋದೀತು? ಮೊದಲು ಕಣ್ಣ ಮುಂದೆ ಬಂದದ್ದು ಒದ್ದೆಬಟ್ಟೆ. ಹೋದ ವರ್ಷವಾಗಿದ್ದರೆ ಆ ಹುಡುಗಿಯ ಕೈಗೆ ಎರಡು ಲಾಡು ಕೊಟ್ಟು, ಯಾರ ಮುಂದೆಯೂ ಹೇಳಬೇಡ ಮಗಾ ಎನ್ನುತ್ತಿದ್ದೆ. ಖಂಡಿತ ಎನ್ನುತ್ತಿದ್ದೆ. ತಪ್ಪೊಪ್ಪಿದ ಹಂಗಾಮಿಯನ್ನು ಜೂನಿನಲ್ಲಿ ನೆನೆಯುವವರು ಯಾರು? ಫಕ್ಕೀರವ್ವ ಹೋದ ಮೇಲೆ ಅತ್ತೆಯ ಹತ್ತಿರ ಹೋಗಿ ಕೂತೆ.

‘ಅತ್ತೀ, ತಪ್ಪು ಪಾಠಕ್ಕ ಗ್ವಾಡಿ ಹೂಂ ಅಂದುಬಿಡ್ತಲ್ಲ? ಹಂಗಾರ ವಜ್ರಮಟ್ಟಿ ಸಾಹೇಬರು ಕೇಳಿದ್ದು ಖರೇನ ಆತು. ಗ್ವಾಡಿಗೇನ್ ತಿಳೀತೈತಿ?’

ಅತ್ತೆ ನನ್ನನ್ನು ಮರುಕದಿಂದ ನೋಡಿದರು, ಇಷ್ಟು ಓದಿದವಳಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದಲ್ಲ, ಇಷ್ಟು ದಿನ ಇಷ್ಟು ಹೆದರಿಕೊಂಡು ಬದುಕಿದಳಲ್ಲ ಎಂದು. ‘ಹುಚ್ಚಿ’ ಎಂದರು. ‘ನಿನ್ನ ಗಂಡ ಸಣ್ಣಾವಿದ್ದಾಗ ನಾ ಕಥಿ ಹೇಳತಿದ್ದೆ, ಅಂವ ಹೂಂ ಅಂತಿದ್ದ. ಕಥಿ ಖರೇನೋ ಸುಳ್ಳೋ ಅಂವಗೇನ್ ಗೊತ್ತು? ಹೂಂ ಅಂದ್ರ ಖರೆ ಅಂತ ಅಲ್ಲ. ಮುಂದ ಹೇಳು ಅಂತ.’

ಅವತ್ತು ಚೆನ್ನಾಗಿ ನಿದ್ದೆ ಬಂತು.

ಮರುದಿನ ಕುರ್ಚಿ ಇಲ್ಲದೆ ಬರಿಗೈಯಲ್ಲಿ ಹೋದೆ. ದೊಡ್ಡ ಕೋಣೆಯಲ್ಲಿ ಮಕ್ಕಳ ಕಡೆ ಮುಖ ಮಾಡಿ ನಿಂತು, ‘ಕಳ್ಳಹಳ್ಳದ ಬಗ್ಗೆ ನಾ ಹೇಳಿದ್ದು ತಪ್ಪಿತ್ತು’ ಎಂದೆ. ಹೀಗೆ ಹೇಳಿದರೆ ಛಾವಣಿ ಕುಸಿಯುತ್ತದೆ ಎಂದುಕೊಂಡಿದ್ದೆ, ಏನೂ ಆಗಲಿಲ್ಲ. ಬಾಗಿಲಾಚೆ ನನ್ನ ಹೆಸರಿನ ಹಲಗೆ ನೇರವಾಗಿಯೇ ಇತ್ತು. ‘ಯಾವುದು ಸರಿ ಅಂತ ಫಕ್ಕೀರವ್ವ ಹೇಳ್ತಾಳ. ಬಾರವ್ವಾ.’

ಅವಳು ಎರಡೂ ಚಪ್ಪಲಿಯನ್ನು ಟಪಟಪ ಬಡಿಯುತ್ತ ಮುಂದೆ ಬಂದಳು. ನಾನು ಅವಳ ಜಾಗದಲ್ಲಿ, ಬೆಂಚಿನ ಮೇಲೆ ಕೂತೆ. ಅವಳು ಗಂಟಲು ಸರಿಮಾಡಿಕೊಂಡು, ‘ಬಂಡಿ ಕೆಳಗ ಹೋದ ಹಳ್ಳ ಅಲ್ಲೇ ನಿಂದ್ರಂಗಿಲ್ರೀ...’ ಎಂದು ಶುರುಮಾಡಿ, ಅಷ್ಟಕ್ಕೇ ನಿಂತಳು. ಹೆದರಿಕೆಯಿಂದ ಗೋಡೆಯ ಕಡೆ ಒಮ್ಮೆ ಹೊರಳಿ ನೋಡಿದಳು. ಗೋಡೆ ಏನೂ ಅನ್ನಲಿಲ್ಲ. ಆಮೇಲೆ ನನ್ನ ಕಡೆ ನೋಡಿದಳು.

ನಾನು ಹೂಂ ಅಂದೆ.